ಬಳ್ಳಾರಿ ಜಾಲಿ, ಪಾರ್ಥೇನಿಯಂ, ನೀಲಗಿರಿ: ಇವುಗಳ ರಾಸಾಯನಿಕಕ್ಕೆ ನಮ್ಮ ಊರಿನ ಗಿಡಗಳು ಹೇಗೆ ಸ್ಪಂದಿಸುತ್ತವೆ ಎಂದು ಪರೀಕ್ಷಿಸುವ ಕ್ರಮ

ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರು ಜಿಲ್ಲೆಗಳಲ್ಲಿ ಕೆರೆಯಂಗಳದ ಬಳ್ಳಾರಿ ಜಾಲಿಯನ್ನು ಕಡಿದು, ಗೋಮಾಳದ ಪಾರ್ಥೇನಿಯಂ ಕಿತ್ತು, ಆ ಜಾಗದಲ್ಲಿ ಹೊಂಗೆ, ತಂಗಡಿ, ಬನ್ನಿ, ಕಮರದಂಥ ಸ್ಥಳೀಯ ಗಿಡಗಳನ್ನು ಬೆಳೆಸಲು ಹೊರಡುವ ಶಾಲೆಗಳೂ ರೈತ ಗುಂಪುಗಳೂ ಸಾಮಾನ್ಯವಾಗಿ ಒಂದೇ ಬಗೆಯ ತೊಡಕನ್ನು ಎದುರಿಸುತ್ತವೆ. ಕಳೆ ಹೋದ ಮೇಲೂ ಬಿತ್ತಿದ ಬೀಜ ಸರಿಯಾಗಿ ಹುಟ್ಟುವುದಿಲ್ಲ. ಹುಟ್ಟಿದ ಸಸಿ ಮೇಲೇಳುವುದಿಲ್ಲ. ಆ ಗಿಡದ ವಿಷ ಮಣ್ಣಿಗೆ ಇಳಿದಿದೆ ಎಂದು ಹೇಳಿ ಮಾತು ಮುಗಿಸುವುದು ಸುಲಭ. ಆ ಮಾತು ಕೆಲವು ಕಡೆ ನಿಜ, ಕೆಲವು ಕಡೆ ಅರೆನಿಜ, ಇನ್ನು ಕೆಲವು ಕಡೆ ನೀರಿನ ಕೊರತೆ, ನೆರಳು ಅಥವಾ ಮೇಯಿಸುವಿಕೆ ಮಾಡಿದ ಹಾನಿಯನ್ನು ರಾಸಾಯನಿಕದ ತಲೆಗೆ ಕಟ್ಟಿದಂತಾಗಿರುತ್ತದೆ. ಇವನ್ನು ಬೇರ್ಪಡಿಸಿ ನೋಡಲು ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ತಕ್ಕಡಿ, ಅಳತೆ ಪಾತ್ರೆ, ಕೆಲವು ತಟ್ಟೆಗಳು, ಸ್ಕೇಲು ಮತ್ತು ಒಂದು ನೋಟ್‌ಬುಕ್ ಇದ್ದರೆ ಪ್ರೌಢಶಾಲೆಯ ಮಕ್ಕಳೂ ಮಾಡಬಹುದಾದ ಪರೀಕ್ಷೆಗಳನ್ನು ಇಲ್ಲಿ ಕ್ರಮವಾಗಿ ವಿವರಿಸಿದೆ.

ರಾಸಾಯನಿಕ ಎಲ್ಲಿಂದ ಬರುತ್ತದೆ

ಒಂದು ಸಸ್ಯವು ಹೊರಬಿಡುವ ರಾಸಾಯನಿಕದಿಂದ ಪಕ್ಕದ ಸಸ್ಯದ ಮೊಳಕೆ ಅಥವಾ ಬೆಳವಣಿಗೆ ಬದಲಾಗುವುದಕ್ಕೆ ಅಲೆಲೋಪತಿ ಎಂದು ಹೆಸರು; ಆಸ್ಟ್ರಿಯಾದ ಸಸ್ಯವಿಜ್ಞಾನಿ ಹಾನ್ಸ್ ಮೋಲಿಶ್ 1937ರಲ್ಲಿ ಇದನ್ನು ಬಳಕೆಗೆ ತಂದರು. ರಾಸಾಯನಿಕ ಹೊರಬರುವ ದಾರಿಗಳು ನಾಲ್ಕು: ಮಳೆಯ ನೀರು ಎಲೆಯನ್ನು ತೊಳೆದಾಗ, ಉದುರಿದ ತರಗು ಕೊಳೆತಾಗ, ಬೇರು ಸ್ರವಿಸಿದಾಗ, ಮತ್ತು ಎಲೆಯ ಎಣ್ಣೆಯ ಅಂಶ ಗಾಳಿಗೆ ಆವಿಯಾದಾಗ. ಪರೀಕ್ಷೆಯನ್ನು ಯೋಜಿಸುವಾಗ ನಾವು ಯಾವ ದಾರಿಯನ್ನು ಪರೀಕ್ಷಿಸುತ್ತಿದ್ದೇವೆ ಎಂಬುದು ಸ್ಪಷ್ಟವಾಗಿರಬೇಕು, ಏಕೆಂದರೆ ಎಲೆ ನೆನೆಸಿದ ನೀರಿನ ಪರೀಕ್ಷೆಯಿಂದ ಬೇರಿನ ಸ್ರಾವದ ಬಗ್ಗೆ ಏನನ್ನೂ ಹೇಳಲಾಗದು.

ನಮ್ಮ ಮೂರು ಜಿಲ್ಲೆಗಳಲ್ಲಿ ಮುಖ್ಯವಾಗಿ ಗಮನಿಸಬೇಕಾದ ಗಿಡಗಳಲ್ಲಿ ಮೊದಲನೆಯದು ಪಾರ್ಥೇನಿಯಂ. ಅಮೆರಿಕ ಖಂಡದ ಈ ಗಿಡ 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು ದೇಶವನ್ನೆಲ್ಲ ಆವರಿಸಿತು. ಇದರ ಮುಖ್ಯ ವಸ್ತುವಾದ ಪಾರ್ಥೆನಿನ್ ಎಲೆಯ ಮೇಲಿನ ಸೂಕ್ಷ್ಮ ರೋಮಗಳಲ್ಲಿ ಸಂಗ್ರಹವಾಗಿರುತ್ತದೆ. ಜೊತೆಗೆ ಕೆಫೀಕ್, ಫೆರುಲಿಕ್, ವೆನಿಲಿಕ್ ಮುಂತಾದ ಫೀನಾಲಿಕ್ ಆಮ್ಲಗಳೂ ಇರುತ್ತವೆ. ಈ ಗಿಡದ ಬಗ್ಗೆ ಮೂಲಭೂತ ಕೆಲಸ ನಡೆದದ್ದು ನಮ್ಮ ಪಕ್ಕದಲ್ಲೇ ಎಂಬುದನ್ನು ಹಲವರು ಮರೆತಿದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ಸಂಶೋಧಕರು 1979 ಮತ್ತು 1980ರಲ್ಲಿ ಪ್ರಕಟಿಸಿದ ಸರಣಿ ಲೇಖನಗಳಲ್ಲಿ ಬೇರಿನ ಸ್ರಾವ, ಎಲೆಯಿಂದ ತೊಳೆದುಬರುವ ವಸ್ತು, ಒಣಗಿದ ಗಿಡದ ಉಳಿಕೆ ಇವೆಲ್ಲವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದ್ದಲ್ಲದೆ, ಪಾರ್ಥೇನಿಯಂ ಪರಾಗವು ಬೇರೆ ಗಿಡದ ಹೂವಿನ ಶಲಾಕೆಯ ಮೇಲೆ ಬಿದ್ದರೆ ಕಾಯಿ ಕಟ್ಟುವುದು ಕುಂಠಿತವಾಗುತ್ತದೆಂದೂ ತೋರಿಸಿದರು.

ಎರಡನೆಯದು ಬಳ್ಳಾರಿ ಜಾಲಿ. ಇದರ ಎಲೆಯಿಂದ ಸಿರಿಂಜಿನ್, ಎಲ್-ಟ್ರಿಪ್ಟೊಫ್ಯಾನ್ ಮೊದಲಾದ ಬೆಳವಣಿಗೆ ತಡೆಯುವ ವಸ್ತುಗಳನ್ನು ಗುರುತಿಸಲಾಗಿದೆ. ಇದಕ್ಕೆ ಹತ್ತಿರದ ನಂಟಾದ ಬನ್ನಿ ಮರ ನಮ್ಮಲ್ಲೇ ಇರುವುದರಿಂದ ಹೋಲಿಕೆಗೆ ಇಷ್ಟು ಚೆನ್ನಾದ ಜೋಡಿ ಬೇರೊಂದು ಸಿಗುವುದು ಕಷ್ಟ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ತವರಾದ ವೆನೆಜುವೆಲಾದಲ್ಲಿ ಬಳ್ಳಾರಿ ಜಾಲಿಯ ನೆರಳು ಇತರ ಗಿಡಗಳಿಗೆ ಅನುಕೂಲವಾಗಿದ್ದರೆ, ಭಾರತದಲ್ಲಿ ಅದೇ ನೆರಳಿನಡಿ ಸಸ್ಯವೈವಿಧ್ಯ ತೀವ್ರವಾಗಿ ಕುಗ್ಗಿತ್ತು; ಬನ್ನಿಯ ಅಡಿಯಲ್ಲಿ ಅಂಥ ಕುಗ್ಗುವಿಕೆ ಬಹಳ ಕಡಿಮೆ. ಜಾಲಿಯ ತರಗನ್ನು ಹಾಕಿದಾಗ ಭಾರತೀಯ ಸಸ್ಯಗಳ ಸಸಿಗಳು ಬನ್ನಿಯ ತರಗು ಹಾಕಿದಾಗಿನದಕ್ಕಿಂತ ಹೆಚ್ಚು ಸತ್ತವು. ಜಾಲಿಯ ಬುಡದ ಮಣ್ಣಿನಲ್ಲಿ ರಂಜಕ ಹೆಚ್ಚೇ ಇತ್ತು ಎಂಬುದನ್ನೂ ನೆನಪಿಡಬೇಕು: ಮಣ್ಣು ಬಡವಾಗಿದ್ದರಿಂದ ಗಿಡ ಬರಲಿಲ್ಲ ಎಂಬ ಸರಳ ವಿವರಣೆ ಅಲ್ಲಿ ನಿಲ್ಲುವುದಿಲ್ಲ.

ದೇವರಾಯನದುರ್ಗ, ಅಂತರಗಂಗೆಯಂಥ ಬೆಟ್ಟದ ಇಳಿಜಾರುಗಳಲ್ಲಿ ಲಾಂಟಾನವನ್ನೂ ಪರೀಕ್ಷೆಗೆ ತೆಗೆದುಕೊಳ್ಳಬಹುದು, ಕ್ರಮ ಅದೇ.

ನೀಲಗಿರಿಯ ವಿಷಯ ಸ್ವಲ್ಪ ಬೇರೆ. ಅದು ತಾನಾಗಿ ಹಬ್ಬಿದ್ದಕ್ಕಿಂತ ನಾವೇ ನೆಟ್ಟು ಹಬ್ಬಿಸಿದ್ದು. ಸುಮಾರು 1790ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ನಂದಿಬೆಟ್ಟದ ತೋಟಕ್ಕೆ ಬಂದ ಈ ಮರ, 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಕೋಲಾರದ ರಾಗಿ ಹೊಲಗಳನ್ನು ಆಕ್ರಮಿಸಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಯ ನೀಲಗಿರಿ ಸಸಿಗಳನ್ನು ಕಿತ್ತು ಹುಣಸೆ, ಮಾವಿನ ಬೀಜ ಹಾಕಿ ಪ್ರತಿಭಟಿಸಿದರು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಇದರ ಎಲೆಯಲ್ಲಿ ಸಿನಿಯೋಲ್, ಪೈನೀನ್ ಮುಂತಾದ ಆವಿಯಾಗುವ ಎಣ್ಣೆಗಳೂ ಫೀನಾಲಿಕ್ ಆಮ್ಲಗಳೂ ಇವೆ. ಆದರೂ ನನ್ನ ಅಭಿಪ್ರಾಯದಲ್ಲಿ ನಮ್ಮ ಜಿಲ್ಲೆಗಳ ನೀಲಗಿರಿ ತೋಪಿನಡಿ ನೆಲ ಬೋಳಾಗಿರಲು ಮೊದಲ ಕಾರಣ ನೀರಿನ ಪೈಪೋಟಿ, ರಾಸಾಯನಿಕದ್ದು ಎರಡನೆಯ ಸ್ಥಾನ. ಪರೀಕ್ಷೆ ಮಾಡುವವರು ಇದನ್ನು ಒಪ್ಪಬೇಕಾಗಿಲ್ಲ. ತಮ್ಮ ಜಾಗದಲ್ಲಿ ಯಾವುದು ಹೆಚ್ಚು ಎಂದು ಕುಂಡದ ಪರೀಕ್ಷೆಯಿಂದ ಅವರೇ ಕಂಡುಕೊಳ್ಳಬಹುದು.

ಸ್ಥಳೀಯ ಗಿಡ ಏನು ಮಾಡುತ್ತದೆ

ಪರೀಕ್ಷೆಗೆ ಇಳಿಯುವ ಮೊದಲು ಏನನ್ನು ಹುಡುಕಬೇಕೆಂದು ತಿಳಿದಿರಬೇಕು. ಗಿಡದ ಸ್ಪಂದನೆ ಎಂದರೆ ಸಾಯುವುದು ಅಥವಾ ಬದುಕುವುದು ಎಂಬ ಎರಡೇ ಉತ್ತರಗಳಲ್ಲ.

ಬೀಜದ ಹಂತದಲ್ಲಿ ಮೂರು ಸಾಧ್ಯತೆಗಳಿವೆ. ಭ್ರೂಣ ಸತ್ತು ಬೀಜ ಕೊಳೆಯಬಹುದು. ಬೀಜ ಜೀವಂತವಾಗಿದ್ದೂ ಮೊಳೆಯದೆ ಕಾಯುತ್ತ ಉಳಿಯಬಹುದು. ಅಥವಾ ಎಲ್ಲವೂ ಮೊಳೆತರೂ ಎರಡು ಮೂರು ದಿನ ತಡವಾಗಬಹುದು. ಬಯಲುಸೀಮೆಯ ಮಳೆಯಲ್ಲಿ ಈ ಮೂರನೆಯದು ಕಾಗದದ ಮೇಲೆ ಕಾಣುವಷ್ಟು ಸಣ್ಣ ವಿಷಯವಲ್ಲ. ಒಂದು ಹದಮಳೆ ಬಿದ್ದು ಮೇಲ್ಮಣ್ಣು ನಾಲ್ಕೈದು ದಿನದಲ್ಲಿ ಒಣಗುವ ನೆಲದಲ್ಲಿ ಮೂರು ದಿನ ತಡವಾಗಿ ಬೇರುಬಿಟ್ಟ ಸಸಿಗೆ ಕೆಳಗಿನ ತೇವ ಸಿಗುವುದೇ ಇಲ್ಲ.

ಬೇರಿನ ಹಂತದ ಸ್ಪಂದನೆ ಹೆಚ್ಚು ಸೂಕ್ಷ್ಮ, ಹಾಗಾಗಿ ಹೆಚ್ಚು ನಂಬಬಹುದಾದದ್ದು. ಫೀನಾಲಿಕ್ ಆಮ್ಲಗಳಾಗಲಿ ಪಾರ್ಥೆನಿನ್ ಆಗಲಿ ಬೇರಿನ ತುದಿಯ ಕೋಶವಿಭಜನೆಯನ್ನು ತಗ್ಗಿಸುತ್ತವೆ, ಕೋಶಪೊರೆ ಸೋರತೊಡಗುತ್ತದೆ, ಕೋಶದೊಳಗೆ ಹಾನಿಕಾರಕ ಆಮ್ಲಜನಕ ಕಣಗಳು ಹೆಚ್ಚುತ್ತವೆ. ಹೊರಗಿನಿಂದ ಇದು ಮೋಟು ಬೇರು, ಕಂದುಬಣ್ಣಕ್ಕೆ ತಿರುಗಿದ ತುದಿ ಮತ್ತು ವಿರಳವಾದ ಬೇರುರೋಮಗಳಾಗಿ ಕಾಣುತ್ತದೆ. ಗಿಡವೂ ಸುಮ್ಮನಿರುವುದಿಲ್ಲ. ಕ್ಯಾಟಲೇಸ್, ಪೆರಾಕ್ಸಿಡೇಸ್ ಮುಂತಾದ ಕಿಣ್ವಗಳನ್ನು ಹೆಚ್ಚಿಸಿ ಆ ಕಣಗಳನ್ನು ಶಮನ ಮಾಡುತ್ತದೆ. ಒಳಬಂದ ವಿಷವಸ್ತುವಿಗೆ ಸಕ್ಕರೆಯ ಅಣುವನ್ನು ಜೋಡಿಸಿ ಕೋಶದ ರಸದಾನಿಯಲ್ಲಿ ಕೂಡಿಡುತ್ತದೆ. ಈ ಕೆಲಸಕ್ಕೆ ಬೀಜದಲ್ಲಿನ ಶೇಖರಣೆ ಖರ್ಚಾಗುವುದರಿಂದ ದಪ್ಪ ಬೀಜದ ಹೊಂಗೆ ತಡೆದುಕೊಳ್ಳುವ ಮಟ್ಟವನ್ನು ಸಾಸಿವೆಗಿಂತ ಸಣ್ಣ ಬೀಜದ ತುಂಬೆ ಅಥವಾ ಹುಲ್ಲು ತಡೆದುಕೊಳ್ಳಲಾರದು.

ಕಡಿಮೆ ಪ್ರಮಾಣದಲ್ಲಿ ಅದೇ ವಸ್ತು ಬೆಳವಣಿಗೆಯನ್ನು ಹೆಚ್ಚಿಸುವುದೂ ಉಂಟು. 100 ಮಿಲಿಲೀಟರ್ ನೀರಿನಲ್ಲಿ 1 ಗ್ರಾಂ ಎಲೆ ನೆನೆಸಿ ಸೋಸಿದ ಶೇ. 1ರ ಎಲೆನೀರಿನಲ್ಲಿ ಬೇರು ಬರಿಯ ನೀರಿಗಿಂತ ಉದ್ದವಾಗಿ ಬಂದರೆ ಪರೀಕ್ಷೆ ಕೆಟ್ಟಿತೆಂದು ಎಸೆಯಬೇಡಿ; ಅದೂ ಒಂದು ಸ್ಪಂದನೆಯೇ.

ಇನ್ನೊಂದು ದಾರಿ ಗಿಡವನ್ನು ನೇರವಾಗಿ ಮುಟ್ಟುವುದಿಲ್ಲ, ಅದರ ಸಂಗಾತಿಗಳನ್ನು ಮುಟ್ಟುತ್ತದೆ. ದ್ವಿದಳ ಗಿಡಗಳ ಬೇರುಗಂಟಿನ ರೈಜೋಬಿಯಂ ಬ್ಯಾಕ್ಟೀರಿಯಾ, ಬೇರಿಗೆ ರಂಜಕ ತಲುಪಿಸುವ ಮೈಕೊರೈಜಾ ಶಿಲೀಂಧ್ರ ಇವು ಕುಗ್ಗಿದರೆ ಸಸಿ ವಿಷವಿಲ್ಲದೆಯೂ ಸೊರಗುತ್ತದೆ. ಉತ್ತರ ಅಮೆರಿಕದ ಕಾಡುಗಳಲ್ಲಿ ಯುರೋಪಿನಿಂದ ಬಂದ ಗಾರ್ಲಿಕ್ ಮಸ್ಟರ್ಡ್ ಎಂಬ ಕಳೆ ಹೀಗೆಯೇ ಮರಸಸಿಗಳ ಮೈಕೊರೈಜಾವನ್ನು ಹಾಳುಮಾಡುತ್ತದೆಂದು 2006ರಲ್ಲಿ ತೋರಿಸಲಾಯಿತು. ಪಶ್ಚಿಮ ಘಟ್ಟದಲ್ಲಿ ಹಬ್ಬಿರುವ ಕಮ್ಯುನಿಸ್ಟ್ ಗಿಡ ಎಂಬ ಆಕ್ರಮಣಕಾರಿ ಕಳೆಯ ಬಗ್ಗೆ 2008ರಲ್ಲಿ ಬಂದ ಅಧ್ಯಯನ ಇದರ ಮತ್ತೊಂದು ಮುಖ: ಅದರ ಬೇರಿನ ಸ್ರಾವ ಫ್ಯುಸೇರಿಯಂ ಎಂಬ ರೋಗಕಾರಕ ಶಿಲೀಂಧ್ರವನ್ನು ಮಣ್ಣಿನಲ್ಲಿ ಹೆಚ್ಚಿಸುತ್ತದೆ, ಪೆಟ್ಟು ಸ್ಥಳೀಯ ಗಿಡಗಳಿಗೆ ಬೀಳುತ್ತದೆ.

ಕೊನೆಯದಾಗಿ, ತಲೆಮಾರುಗಳ ಸ್ಪಂದನೆ. ಆಕ್ರಮಣಕಾರಿ ಕಳೆಯ ನಡುವೆ ಉಳಿದುಕೊಂಡ ಸ್ಥಳೀಯ ಹುಲ್ಲುಗಳ ಬೀಜದಿಂದ ಬಂದ ಸಸಿಗಳು ಆ ಕಳೆಯನ್ನೇ ಕಾಣದ ಹುಲ್ಲಿನ ಸಸಿಗಳಿಗಿಂತ ಹೆಚ್ಚು ತಾಳಿಕೊಳ್ಳುತ್ತವೆಂದು ಅಮೆರಿಕದಲ್ಲಿ 2005ರಲ್ಲಿ ವರದಿಯಾಯಿತು. ಪಾರ್ಥೇನಿಯಂ ನಮ್ಮ ನೆಲಕ್ಕೆ ಬಂದು ದಶಕಗಳೇ ಕಳೆದಿರುವುದರಿಂದ ನಮ್ಮ ತಂಗಡಿ, ತುಂಬೆಗಳಲ್ಲೂ ಇಂಥ ಆಯ್ಕೆ ನಡೆದಿರಬಹುದೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಉತ್ತರವನ್ನು ಊಹಿಸದೆ ಪರೀಕ್ಷಿಸುವ ಬಗೆ ನಾಲ್ಕನೆಯ ಹಂತದಲ್ಲಿದೆ.

ಈ ಕ್ಷೇತ್ರದಲ್ಲಿ ಅವಸರಕ್ಕೆ ದಂಡ ತೆತ್ತವರಿದ್ದಾರೆ ಎಂಬುದನ್ನೂ ಇಲ್ಲೇ ಹೇಳಬೇಕು. ಒಂದು ಕಳೆಯ ಬೇರು ಸ್ರವಿಸುವ ಕ್ಯಾಟೆಚಿನ್ ಎಂಬ ವಸ್ತುವೇ ಸ್ಥಳೀಯ ಗಿಡಗಳನ್ನು ಕೊಲ್ಲುತ್ತದೆಂದು 2003ರಲ್ಲಿ ಪ್ರಸಿದ್ಧ ಪತ್ರಿಕೆಯೊಂದರಲ್ಲಿ ಬಂದ ಲೇಖನವನ್ನು 2010ರಲ್ಲಿ ಹಿಂಪಡೆಯಬೇಕಾಯಿತು. ಆದ್ದರಿಂದ ಮುಂದಿನ ಹಂತಗಳಲ್ಲಿ ಹೋಲಿಕೆಯ ತಟ್ಟೆಗಳ ಬಗ್ಗೆ ಹೇಳಿರುವುದನ್ನು ಬಿಡದೆ ಪಾಲಿಸಿ.

ಹಂತ 1: ಜಾಗವನ್ನು ಓದುವುದು

ಆಕ್ರಮಣಕಾರಿ ಗಿಡ ದಟ್ಟವಾಗಿರುವ ಒಂದು ತುಂಡು ನೆಲ, ಅದರ ಪಕ್ಕದಲ್ಲೇ ಅದೇ ಮಣ್ಣು, ಅದೇ ಇಳಿಜಾರು ಇದ್ದು ಆ ಗಿಡವಿಲ್ಲದ ಇನ್ನೊಂದು ತುಂಡು, ಸಾಧ್ಯವಾದರೆ ಸ್ಥಳೀಯ ಮರವೊಂದರ ಬುಡ ಹೀಗೆ ಮೂರನ್ನು ಆರಿಸಿ. ಜಾಲಿಗೆ ಬನ್ನಿ ಅಥವಾ ಕರಿಜಾಲಿ, ನೀಲಗಿರಿಗೆ ಹೊಂಗೆ ಒಳ್ಳೆಯ ಜೋಡಿ. ಕೆರೆಯಂಗಳದ ಕೆಳಭಾಗದ ಹೂಳನ್ನು ಏರಿಯ ಮೇಲಿನ ಕೆಂಪುಮಣ್ಣಿನೊಂದಿಗೆ ಹೋಲಿಸಬೇಡಿ. ವ್ಯತ್ಯಾಸ ಬಂದರೆ ಅದು ಮಣ್ಣಿನದೋ ಗಿಡದ್ದೋ ತಿಳಿಯುವುದಿಲ್ಲ. ಪ್ರತಿ ತುಂಡಿನಲ್ಲಿ ಒಂದು ಮೀಟರ್ ಚದರದ ಐದು ಚೌಕಗಳನ್ನು ದಾರದಿಂದ ಗುರುತಿಸಿ, ಒಳಗೆ ಎಷ್ಟು ಬಗೆಯ ಗಿಡಗಳಿವೆ, ಯಾವುವು ಹೂಬಿಟ್ಟಿವೆ, ನೆರಳು ಎಷ್ಟು ಹೊತ್ತು, ಕುರಿಮೇಕೆ ಮೇಯುತ್ತವೆಯೇ ಎಂದು ಬರೆದುಕೊಳ್ಳಿ. ಮುಂಗಾರಿನ ಮೊದಲ ಎರಡು ಮೂರು ಮಳೆಯ ನಂತರದ ದಿನಗಳು ಇದಕ್ಕೆ ಸೂಕ್ತ. ಕೆರೆ, ಗೋಮಾಳ ಎರಡೂ ಸಾರ್ವಜನಿಕ ಜಾಗಗಳಾದ್ದರಿಂದ ಪಂಚಾಯಿತಿಗೆ ಮೊದಲೇ ತಿಳಿಸಿ. ಅರಣ್ಯ ಪ್ರದೇಶವಾದರೆ ಇಲಾಖೆಯ ಅನುಮತಿಯಿಲ್ಲದೆ ಏನನ್ನೂ ತೆಗೆಯುವಂತಿಲ್ಲ.

ಹಂತ 2: ಎಲೆ ಮತ್ತು ತರಗಿನ ಸಂಗ್ರಹ

ಪಾರ್ಥೇನಿಯಂ ಮುಟ್ಟುವಾಗ ಕೈಗವಸು, ತುಂಬುತೋಳಿನ ಅಂಗಿ ಮತ್ತು ಮಾಸ್ಕ್ ಕಡ್ಡಾಯ. ಪಾರ್ಥೆನಿನ್ ಚರ್ಮಕ್ಕೆ ಅಲರ್ಜಿ ತರುತ್ತದೆ, ಪರಾಗ ಉಬ್ಬಸ ತರುತ್ತದೆ. ಇಂಥ ತೊಂದರೆ ಇರುವ ಮಕ್ಕಳನ್ನು ಈ ಕೆಲಸಕ್ಕೆ ಸೇರಿಸಿಕೊಳ್ಳಬೇಡಿ. ಹೂಬಿಡುವ ಮುಂಚಿನ ಗಿಡವನ್ನೇ ತೆಗೆಯಿರಿ. ಲಾಂಟಾನದ ಎಲೆಯಲ್ಲಿನ ಲಾಂಟಡೀನ್ ದನಕರುಗಳ ಯಕೃತ್ತನ್ನು ಹಾಳುಮಾಡುವುದರಿಂದ ಉಳಿದ ಸೊಪ್ಪನ್ನು ಕೊಟ್ಟಿಗೆಯ ಹತ್ತಿರ ಚೆಲ್ಲಬೇಡಿ.

ಎಲೆಯನ್ನು ನೆರಳಿನಲ್ಲಿ ಒಣಗಿಸಿ. ಬಿಸಿಲಲ್ಲಿ ಕಾಯಿಸಿದರೆ ಆವಿಯಾಗುವ ಅಂಶ ಹಾರಿಹೋಗುತ್ತದೆ. ತರಗನ್ನು ಮಾತ್ರ ಲೆಕ್ಕ ಹಾಕಿ ತೆಗೆಯಬೇಕು: ಒಂದು ಮೀಟರ್ ಚದರದಲ್ಲಿ ಬಿದ್ದಿರುವುದನ್ನು ಪೂರ್ತಿ ಬಾಚಿ, ಮಣ್ಣು ಕೊಡವಿ, ತೂಗಿ ಬರೆದಿಡಿ. ಈ ತೂಕ ಮುಂದಿನ ಹಂತದಲ್ಲಿ ಬೇಕು.

ಹಂತ 3: ಎಲೆನೀರು ತಯಾರಿಕೆ

ಶಾಲಾ ಪ್ರಯೋಗಗಳು ಹೆಚ್ಚಾಗಿ ದಾರಿತಪ್ಪುವುದು ಇಲ್ಲಿ. ಸಾಮಾನ್ಯವಾಗಿ 10 ಗ್ರಾಂ ಒಣ ಎಲೆಯನ್ನು 100 ಮಿಲಿಲೀಟರ್ ನೀರಿನಲ್ಲಿ 24 ಗಂಟೆ ನೆನೆಸಿ, ಬಟ್ಟೆಯಲ್ಲೂ ನಂತರ ಶೋಧಕ ಕಾಗದದಲ್ಲೂ ಸೋಸಿ, ಅದನ್ನು ಶೇ. 10ರ ದ್ರಾವಣವೆಂದು ಕರೆಯುತ್ತಾರೆ. ರುಬ್ಬುವುದು, ಕುದಿಸುವುದು ಬೇಡ. ಮಳೆ ಎಲೆಯನ್ನು ರುಬ್ಬುವುದಿಲ್ಲ. ಆದರೆ ನಿಮ್ಮ ಹೊಲದಲ್ಲಿ ನಿಜವಾಗಿ ಎಷ್ಟು ಗಾಢವಾದ ನೀರು ಮಣ್ಣಿಗೆ ಇಳಿಯುತ್ತದೆ ಎಂದು ಲೆಕ್ಕ ಹಾಕದೆ ಶೇ. 10ರಲ್ಲೇ ನಿಂತರೆ ಫಲಿತಾಂಶಕ್ಕೆ ಹೆಚ್ಚು ಬೆಲೆಯಿಲ್ಲ.

ಲೆಕ್ಕ ಸುಲಭವಿದೆ. ಒಂದು ಮೀಟರ್ ಚದರದ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಅದು 25 ಲೀಟರ್ ನೀರು. ಅಲ್ಲಿ 250 ಗ್ರಾಂ ತರಗು ಇತ್ತೆಂದುಕೊಂಡರೆ ಇಳಿಯುವ ನೀರು ಶೇ. 1ರ ದ್ರಾವಣಕ್ಕೆ ಸಮ. ಅದೇ ತರಗಿನ ಮೇಲೆ 5 ಮಿಲಿಮೀಟರ್ ತುಂತುರು ಮಾತ್ರ ಬಿದ್ದರೆ 5 ಲೀಟರ್ ನೀರಿಗೆ 250 ಗ್ರಾಂ, ಅಂದರೆ ಶೇ. 5. ನೀರು ಕಡಿಮೆ ಹಾಕಿದ ಕಷಾಯದಂತೆ ಸಣ್ಣ ಮಳೆ ಗಾಢವಾದ ದ್ರಾವಣವನ್ನೇ ಮೇಲ್ಮಣ್ಣಿನಲ್ಲಿ ಬಿಟ್ಟುಹೋಗುತ್ತದೆ, ಕೆಳಕ್ಕೆ ತೊಳೆದುಹಾಕುವುದಿಲ್ಲ. ಪಾವಗಡ, ಬಾಗೇಪಲ್ಲಿಗಳ ಮಳೆಯಲ್ಲಿ ಇಂಥ ತುಂತುರುಗಳೇ ಹೆಚ್ಚಾದ್ದರಿಂದ ಮಲೆನಾಡಿನ ಪರೀಕ್ಷೆಯ ಫಲಿತಾಂಶವನ್ನು ಇಲ್ಲಿಗೆ ತಂದು ಹಚ್ಚಬಾರದು. ನೀವು ತೂಗಿದ ತರಗಿನಿಂದ ನಿಮ್ಮದೇ ಅಂಕಿ ಕಂಡುಕೊಂಡು, ಅದರ ಸುತ್ತ ಶೇ. 1, 2.5, 5 ಮತ್ತು 10 ಎಂಬ ನಾಲ್ಕು ಮಟ್ಟಗಳನ್ನು ಇಟ್ಟುಕೊಳ್ಳಿ.

ನೀರಿನ ಆಯ್ಕೆಯೂ ಮುಖ್ಯ. ನಮ್ಮ ಆಳದ ಕೊಳವೆಬಾವಿಗಳ ನೀರು ಗಡಸು. ಹಲವು ಹಳ್ಳಿಗಳಲ್ಲಿ ಫ್ಲೋರೈಡ್ ಕೂಡ ಹೆಚ್ಚು. ಇದನ್ನು ಬಳಸಿದರೆ ಬರಿಯ ನೀರಿನ ತಟ್ಟೆಯಲ್ಲೇ ಬೇರು ಮೋಟಾದೀತು. ಮಳೆನೀರು ಅಥವಾ ಶುದ್ಧ ನೀರಿನ ಘಟಕದ ನೀರನ್ನು ಎಲ್ಲ ತಟ್ಟೆಗಳಿಗೂ ಒಂದೇ ಡಬ್ಬಿಯಿಂದ ಬಳಸಿ.

ಹೋಲಿಕೆಗೆ ಮೂರು ಬಗೆಯ ತಟ್ಟೆಗಳು ಬೇಕು. ಒಂದು ಬರಿಯ ನೀರು. ಎರಡನೆಯದು ಸ್ಥಳೀಯ ಮರದ ಎಲೆಯನ್ನು ಅದೇ ತೂಕ, ಅದೇ ಸಮಯ ನೆನೆಸಿದ ನೀರು, ಏಕೆಂದರೆ ಯಾವ ಎಲೆಯನ್ನಾದರೂ ಗಾಢವಾಗಿ ನೆನೆಸಿದರೆ ಬೀಜಕ್ಕೆ ಒಂದಿಷ್ಟು ಅಡ್ಡಿಯಾಗುತ್ತದೆ. ಹೊಂಗೆ ಎಲೆಯೂ ಇದಕ್ಕೆ ಹೊರತಲ್ಲ. ಮೂರನೆಯದು ಉಪ್ಪುನೀರು: ಕುಡಿಯುವ ನೀರನ್ನು ಪರೀಕ್ಷಿಸುವ ಟಿಡಿಎಸ್ ಮೀಟರಿನಿಂದ ಕಳೆಯ ಎಲೆನೀರನ್ನು ಅಳೆದು, ಅದೇ ಅಂಕಿ ಬರುವಂತೆ ಅಡುಗೆ ಉಪ್ಪು ಕರಗಿಸಿ. ಇದರಲ್ಲೂ ಬೇರು ಅಷ್ಟೇ ಮೋಟಾದರೆ ನೀವು ನೋಡುತ್ತಿರುವುದು ಲವಣದ ಪರಿಣಾಮ, ವಿಷದ್ದಲ್ಲ. ಸಕ್ಕರೆಯಂಥ ಕರಗಿದ ವಸ್ತುಗಳನ್ನು ಈ ಮೀಟರ್ ತೋರಿಸುವುದಿಲ್ಲ ಎಂಬ ಮಿತಿ ನೆನಪಿರಲಿ. ಎಲೆನೀರು ಒಂದೇ ದಿನದಲ್ಲಿ ಹುಳಿಯಾಗಿ ಕೆಡುವುದರಿಂದ ಸೋಸಿದೊಡನೆ ಬಳಸಿ.

ಹಂತ 4: ಬೀಜದ ಆಯ್ಕೆ

ಮೊದಲ ಸುತ್ತಿಗೆ ಹುರುಳಿ ಮತ್ತು ಎಳ್ಳು ಸಾಕು. ಎರಡೂ ಭಾರತದಲ್ಲೇ ಪಳಗಿದ ಬೆಳೆಗಳು, ಬೇಗ ಮೊಳೆಯುತ್ತವೆ, ಒಂದರ ಬೀಜ ದೊಡ್ಡದು, ಇನ್ನೊಂದರದು ಚಿಕ್ಕದು. ಬೀಜದ ಗಾತ್ರದ ಪ್ರಭಾವ ಕೂಡಲೇ ಕಾಣುತ್ತದೆ. ಬೀಜೋಪಚಾರ ಮಾಡಿದ ಅಂಗಡಿ ಬೀಜ ಬೇಡ. ಎರಡನೆಯ ಸುತ್ತಿಗೆ ತಂಗಡಿ, ಕಕ್ಕೆ ತೆಗೆದುಕೊಳ್ಳಿ. ಇವುಗಳ ಸಿಪ್ಪೆ ಗಟ್ಟಿ. ಉಪ್ಪುಕಾಗದದ ಮೇಲೆ ಉಜ್ಜಿ ರಾತ್ರಿಯಿಡೀ ಶುದ್ಧ ನೀರಿನಲ್ಲಿ ನೆನೆಸದಿದ್ದರೆ ಯಾವ ತಟ್ಟೆಯಲ್ಲೂ ಮೊಳೆಯುವುದಿಲ್ಲ, ಆ ತಪ್ಪು ಪಾರ್ಥೇನಿಯಂ ಮೇಲೆ ಬರುತ್ತದೆ. ತುಂಬೆ ಮತ್ತು ಕಾಡುಹುಲ್ಲುಗಳ ಬೀಜ ಸುಪ್ತಾವಸ್ಥೆಯಲ್ಲಿರುವ ಸಾಧ್ಯತೆ ಇರುವುದರಿಂದ ಮೊದಲು ಬರಿಯ ನೀರಿನಲ್ಲಿ ಪರೀಕ್ಷಿಸಿ, ಅರ್ಧಕ್ಕಿಂತ ಹೆಚ್ಚು ಮೊಳೆತರೆ ಮಾತ್ರ ಬಳಸಿ.

ತಲೆಮಾರಿನ ಪ್ರಶ್ನೆ ಕೇಳುವವರು ಒಂದೇ ಜಾತಿಯ ಬೀಜವನ್ನು ಎರಡು ಕಡೆಯಿಂದ ತರಬೇಕು: ವರ್ಷಗಳಿಂದ ಪಾರ್ಥೇನಿಯಂ ನಡುವೆಯೇ ಬೆಳೆದ ತಂಗಡಿಯಿಂದ ಒಂದು ಪಾಲು, ಅದು ಕಾಲಿಡದ ಜಾಗದ ತಂಗಡಿಯಿಂದ ಇನ್ನೊಂದು ಪಾಲು. ಪ್ರತಿ ಕಡೆಯೂ ಕನಿಷ್ಠ ಹತ್ತು ಗಿಡಗಳಿಂದ ಬೀಜ ಆರಿಸಿ, ನೂರು ಬೀಜದ ತೂಕ ದಾಖಲಿಸಿ. ತಾಯಿಗಿಡ ಹುಲುಸಾಗಿದ್ದರೆ ಬೀಜವೂ ದಪ್ಪವಾಗಿ, ಸಹಿಷ್ಣುತೆ ಇಲ್ಲದೆಯೂ ಚೆನ್ನಾಗಿ ತಾಳಿದಂತೆ ಕಾಣುತ್ತದೆ. ತೂಕ ಸಮನಾಗಿದ್ದೂ ವ್ಯತ್ಯಾಸ ಬಂದರೆ ಮಾತ್ರ ಅದಕ್ಕೆ ಅರ್ಥವಿದೆ.

ಹಂತ 5: ತಟ್ಟೆಯಲ್ಲಿ ಅಳತೆ

ಅಂಗೈಯಗಲದ ತಟ್ಟೆ ಅಥವಾ ಮುಚ್ಚಳದ ಡಬ್ಬಿಯಲ್ಲಿ ಎರಡು ಪದರ ಶೋಧಕ ಕಾಗದ ಹಾಸಿ, 20 ಬೀಜಗಳನ್ನು ಅಂತರವಿಟ್ಟು ಜೋಡಿಸಿ, ಕಾಗದ ತೇವವಾಗುವಷ್ಟು ದ್ರಾವಣ ಹಾಕಿ, ಬೀಜ ಮುಳುಗಬಾರದು. ಪ್ರತಿ ದ್ರಾವಣಕ್ಕೆ ನಾಲ್ಕು ತಟ್ಟೆ ಇರಲಿ. ತಟ್ಟೆಗಳನ್ನು ದಿನವೂ ಜಾಗ ಬದಲಿಸಿ ಇಡಿ, ಇಲ್ಲದಿದ್ದರೆ ಕಿಟಕಿಯ ಪಕ್ಕದ್ದು ಬೇಗ ಒಣಗುತ್ತದೆ. ತಟ್ಟೆಗೆ ಗುರುತು ಹಾಕುವವರು ಒಬ್ಬರು, ಅಳೆಯುವವರು ಇನ್ನೊಬ್ಬರಾದರೆ ಒಳ್ಳೆಯದು. ಯಾವುದರಲ್ಲಿ ಏನಿದೆ ಎಂದು ತಿಳಿದವರ ಸ್ಕೇಲು ತನಗರಿಯದೆಯೇ ವಾಲುತ್ತದೆ.

ದಿನವೂ ಒಂದೇ ಹೊತ್ತಿಗೆ ಮೊಳೆತ ಬೀಜ ಎಣಿಸಿ. ಬೇರು 2 ಮಿಲಿಮೀಟರ್ ಹೊರಬಂದರೆ ಮೊಳೆತಂತೆ. ಏಳನೆಯ ದಿನ ಬೇರು ಮತ್ತು ಚಿಗುರಿನ ಉದ್ದ ಅಳೆಯಿರಿ, ತುದಿಯ ಬಣ್ಣ ಬರೆದಿಡಿ. ಉದಾಹರಣೆಗೆ ಬರಿಯ ನೀರಿನಲ್ಲಿ ಸರಾಸರಿ ಬೇರು 60 ಮಿಲಿಮೀಟರ್, ಎಲೆನೀರಿನಲ್ಲಿ 27 ಮಿಲಿಮೀಟರ್ ಬಂದರೆ, 60ರಿಂದ 27 ಕಳೆದು 60ರಿಂದ ಭಾಗಿಸಿದಾಗ ಸಿಗುವ ಶೇ. 55 ತಡೆಯ ಪ್ರಮಾಣ. ಇದೇ ಲೆಕ್ಕವನ್ನು ಸ್ಥಳೀಯ ಎಲೆಯ ನೀರಿಗೂ ಮಾಡಿ, ಅದು ಶೇ. 20 ತಡೆದಿದ್ದರೆ ನಿಮ್ಮ ಕಳೆಯ ವಿಶೇಷ ಪರಿಣಾಮವೆಂದು ಹೇಳಬಹುದಾದದ್ದು ಉಳಿದದ್ದು ಮಾತ್ರ.

ಇಲ್ಲಿಗೆ ನಿಲ್ಲಿಸದೆ, ಮೊಳೆಯದೆ ಉಳಿದ ಬೀಜಗಳನ್ನು ತೊಳೆದು ಹೊಸ ಕಾಗದದ ಮೇಲೆ ಶುದ್ಧ ನೀರಿನಲ್ಲಿ ಇನ್ನೊಂದು ವಾರ ಇಡಿ. ಕಾಯುತ್ತಿದ್ದ ಬೀಜ ಮೊಳೆಯುತ್ತದೆ, ಸತ್ತದ್ದು ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಹೊಲದ ನಿರ್ಧಾರಕ್ಕೆ ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ಉಪಯುಕ್ತ ಮಾಹಿತಿ ಬೇರೊಂದಿಲ್ಲ: ಕಾಯುವ ಜಾತಿಯಾದರೆ ಮಣ್ಣಿನಲ್ಲಿರುವ ಹಳೆಯ ಬೀಜವೇ ಕಳೆ ಹೋದ ಮೇಲೆ ಎದ್ದು ಬರುತ್ತದೆ, ಸಾಯುವ ಜಾತಿಯಾದರೆ ಬೀಜವನ್ನು ಹೊರಗಿನಿಂದ ತರಬೇಕು.

ಹಂತ 6: ಕುಂಡದ ಪರೀಕ್ಷೆ

ತಟ್ಟೆಯಲ್ಲಿ ಮಣ್ಣಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಪಾರ್ಥೆನಿನ್ ಅನ್ನು ಬೆಚ್ಚಗಿನ ತೇವದಲ್ಲಿ ಕೆಲವೇ ದಿನಗಳಲ್ಲಿ ಒಡೆದುಹಾಕುತ್ತವೆ. ಹಾಗಾಗಿ ತಟ್ಟೆಯಲ್ಲಿ ಕಂಡ ಭಯಂಕರ ಫಲಿತಾಂಶ ಕುಂಡದಲ್ಲಿ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ.

ನಾಲ್ಕು ಗುಂಪಿನ ಕುಂಡಗಳನ್ನು ತುಂಬಿ: ಕಳೆಯಿದ್ದ ಜಾಗದ ಮಣ್ಣು; ಅದೇ ಮಣ್ಣಿಗೆ ಸಕ್ರಿಯ ಇದ್ದಿಲು; ಕಳೆಯಿಲ್ಲದ ಜಾಗದ ಮಣ್ಣು; ಅದಕ್ಕೂ ಸಕ್ರಿಯ ಇದ್ದಿಲು. ನೀರಿನ ಫಿಲ್ಟರ್ ಮತ್ತು ಅಕ್ವೇರಿಯಂ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುವ ಈ ಇದ್ದಿಲನ್ನು ಪುಡಿಮಾಡಿ ಲೀಟರ್ ಮಣ್ಣಿಗೆ ಸುಮಾರು 20 ಮಿಲಿಲೀಟರ್ ಬೆರೆಸಬೇಕು. ಒಲೆಯ ಇದ್ದಿಲಿಗೆ ಅಷ್ಟು ಹೀರುವ ಶಕ್ತಿಯಿಲ್ಲ. ಸಾವಯವ ರಾಸಾಯನಿಕಗಳನ್ನು ಇದು ಹಿಡಿದಿಟ್ಟುಕೊಳ್ಳುತ್ತದೆ. ಕಳೆಯ ಮಣ್ಣಿನಲ್ಲಿ ಮಾತ್ರ ಇದ್ದಿಲಿನಿಂದ ಸಸಿ ಸುಧಾರಿಸಿದರೆ ರಾಸಾಯನಿಕದ ಕೈವಾಡವಿದೆ. ಎರಡೂ ಮಣ್ಣಿನಲ್ಲಿ ಸಮನಾಗಿ ಸುಧಾರಿಸಿದರೆ ಇದ್ದಿಲು ಮಣ್ಣಿನ ಗುಣವನ್ನೇ ಬದಲಿಸಿದೆ ಎಂದರ್ಥ. ಯಾವುದರಲ್ಲೂ ಬದಲಾವಣೆಯಿಲ್ಲದೆ ಕುಂಡದಲ್ಲಿ ಎಲ್ಲ ಸಸಿಗಳೂ ಚೆನ್ನಾಗಿಯೇ ಬಂದರೆ, ನಿಮ್ಮ ಜಾಗದಲ್ಲಿ ಗಿಡವನ್ನು ಕೊಂದದ್ದು ನೆರಳೋ ನೀರಿನ ಕೊರತೆಯೋ ಆಗಿರಬೇಕು. ನೀಲಗಿರಿ ತೋಪಿನ ಮಣ್ಣನ್ನು ಹೀಗೆ ನೋಡದೆ ತೀರ್ಮಾನಿಸಬಾರದು.

ಕುಂಡಕ್ಕೆ ಹುರುಳಿ ಹಾಕಿದ್ದರೆ 35–40ನೆಯ ದಿನ ಮಣ್ಣನ್ನು ನೀರಿನಲ್ಲಿ ಸಡಿಲಿಸಿ ಬೇರು ತೆಗೆದು ಗಂಟುಗಳನ್ನು ಎಣಿಸಿ, ಕೆಲವನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪಿದ್ದರೆ ಸಾರಜನಕ ಹಿಡಿಯುವ ಕೆಲಸ ನಡೆಯುತ್ತಿದೆ. ಬಿಳಿಚಿಕೊಂಡಿದ್ದರೆ ಅಥವಾ ಹಸಿರಾಗಿದ್ದರೆ ಇಲ್ಲ. ಮಣ್ಣಿನ ರಸಸಾರ, ಲವಣಾಂಶ ತಿಳಿಯಲು ತುಮಕೂರಿನ ಹಿರೇಹಳ್ಳಿ, ಚಿಂತಾಮಣಿಯ ಕುರುಬೂರು ಅಥವಾ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಹಂತ 7: ನೆಲಕ್ಕೆ ಇಳಿಸುವುದು

ಪಾರ್ಥೇನಿಯಂ ಅನ್ನು ಮಳೆಯಾದ ಮೇಲೆ, ಹೂಬಿಡುವ ಮುಂಚೆ, ಬೇರುಸಹಿತ ಕೀಳಬೇಕು. ಒಂದು ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಬಳ್ಳಾರಿ ಜಾಲಿಯ ಬುಡವನ್ನು ನೆಲಮಟ್ಟದಿಂದ ಅರ್ಧ ಅಡಿ ಕೆಳಗೆ ಕಡಿಯದಿದ್ದರೆ ಮತ್ತೆ ಚಿಗುರುತ್ತದೆ. ಎರಡರಲ್ಲೂ ತರಗನ್ನು ಬಾಚಿ ಹೊರಹಾಕುವುದು ಗಿಡ ತೆಗೆದಷ್ಟೇ ಮುಖ್ಯ. ಕಿತ್ತ ಪಾರ್ಥೇನಿಯಂ ಅನ್ನು ಹೊಸ ಬಿತ್ತನೆಯ ಮೇಲೆ ಹೊದಿಕೆಯಾಗಿ ಹಾಸಬೇಡಿ. ಹೂವಿಲ್ಲದ ಗಿಡವಾದರೆ ಗುಂಡಿಯಲ್ಲಿ ಪೂರ್ತಿ ಕಳಿತ ಗೊಬ್ಬರ ಮಾಡಿದ ನಂತರ ಬಳಸಬಹುದು. ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೈಗೋಗ್ರಾಮಾ ದುಂಬಿ ಮಳೆಗಾಲದಲ್ಲಿ ಪಾರ್ಥೇನಿಯಂ ಎಲೆಗಳನ್ನು ತಿನ್ನುತ್ತಿರುವುದು ಕಂಡರೆ ಅಲ್ಲಿ ಕೀಟನಾಶಕ ಹೊಡೆಯಬೇಡಿ.

ಒಣಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ನಿಷ್ಕ್ರಿಯವಾಗಿರುವುದರಿಂದ ಬೇಸಿಗೆಯಿಡೀ ನೆಲ ಖಾಲಿ ಬಿಟ್ಟರೂ ರಾಸಾಯನಿಕ ಹೆಚ್ಚು ಒಡೆಯುವುದಿಲ್ಲ. ಮುಂಗಾರಿನ ಮೊದಲ ಮಳೆಗೆ ಅದು ಕರಗಿ ಹೊರಬರುತ್ತದೆ. ಆದ್ದರಿಂದ ಸಣ್ಣ ಬೀಜಗಳನ್ನು ಮೊದಲ ಮಳೆಗೇ ಬಿತ್ತದೆ ಎರಡು ಮೂರು ಹದಮಳೆ ಇಳಿಯಲು ಬಿಡುವುದು ಲೇಸು. ಆಗಸ್ಟ್–ಸೆಪ್ಟೆಂಬರಿನಲ್ಲಿ ಹೇಗೂ ಹುರುಳಿ ಬಿತ್ತುವ ಕಾಲ; ಮೊದಲ ವರ್ಷ ಅದನ್ನೇ ನೆಲಹೊದಿಕೆಯಾಗಿ ಬೆಳೆದು, ಬೇರುಗಂಟುಗಳನ್ನು ನೋಡಿಕೊಂಡು, ಮರುವರ್ಷ ತಂಗಡಿ ಮತ್ತು ಹುಲ್ಲಿನ ಬೀಜ ಚೆಲ್ಲಬಹುದು. ಹೊಂಗೆ, ಕಮರಗಳನ್ನು ಬೀಜವಾಗಿ ಹಾಕುವ ಬದಲು ಚೀಲದಲ್ಲಿ ಬೆಳೆಸಿದ ಸಸಿಯಾಗಿ ನೆಟ್ಟರೆ ಅವು ಅತಿ ಸೂಕ್ಷ್ಮವಾದ ಮೊಳಕೆಯ ಹಂತವನ್ನು ನರ್ಸರಿಯಲ್ಲೇ ದಾಟಿರುತ್ತವೆ. ನೆಡುವ ಗುಂಡಿಗೆ ಹತ್ತಿರದ ಆರೋಗ್ಯವಂತ ಹೊಂಗೆಯ ಬುಡದ ಒಂದೆರಡು ಹಿಡಿ ಮಣ್ಣು ಬೆರೆಸಿದರೆ ಕಳೆದುಹೋದ ರೈಜೋಬಿಯಂ, ಮೈಕೊರೈಜಾಗಳು ಮರಳಲು ಸಹಾಯವಾಗುತ್ತದೆ.

ಪಾರ್ಥೇನಿಯಂ ಅನ್ನು ಒತ್ತರಿಸಲು ಕರ್ನಾಟಕದ ಹಲವೆಡೆ ಬಿತ್ತಿದ ಕ್ಯಾಸಿಯಾ ಯೂನಿಫ್ಲೋರಾ ಎಂಬ ಗಿಡವೂ ಅಮೆರಿಕ ಖಂಡದ್ದೇ. ಅದೇ ವರ್ಗಕ್ಕೆ ಹತ್ತಿರದ ತಂಗಡಿ ನಮ್ಮ ಬದುಗಳಲ್ಲೇ ಇರುವಾಗ ಒಂದು ಹೊರಗಿನದನ್ನು ಓಡಿಸಲು ಇನ್ನೊಂದನ್ನು ಕರೆಯುವ ಅಗತ್ಯ ಕಾಣುವುದಿಲ್ಲ. ಬಿತ್ತಿದ ಜಾಗದಲ್ಲಿ ಮೊದಲ ಹಂತದ ಐದು ಚೌಕಗಳನ್ನು ಅಳಿಸದೆ ಉಳಿಸಿಕೊಂಡು, ಪ್ರತಿ ಮುಂಗಾರಿನ ನಂತರ ಅದೇ ಪಟ್ಟಿಯನ್ನು ಮತ್ತೆ ತುಂಬಿ. ಬಿತ್ತದೆಯೇ ಬಂದ ಗಿಡಗಳ ಹೆಸರನ್ನು ಬೇರೆ ಅಂಕಣದಲ್ಲಿ ಬರೆಯಿರಿ, ಏಕೆಂದರೆ ಐದನೆಯ ಹಂತದಲ್ಲಿ ಕಾಯುತ್ತಿದ್ದ ಬೀಜಗಳು ಯಾವುವೆಂದು ಗುರುತಿಸಿದ್ದು ಸರಿಯೇ ಎಂಬುದು ಆ ಅಂಕಣದಿಂದಲೇ ತಿಳಿಯುತ್ತದೆ.